ಒಂದು ಚೋಟು

ಸಾಲೋ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದು
ಹದಿನೈದು ಸೆಂಟಿಮೀಟರು.
ನಮ್ಮ ಲೆಕ್ಕದಲ್ಲಿ ಒಂದು ಚೋಟು:
ಹೆಬ್ಬೆರಳಿಂದ ತೋರುಬೆರಳಿಗೆ, ಚಾಚಿದರೆ ಎಷ್ಟೋ ಅಷ್ಟು.
ಎದೆಗೂ ಫೋನಿಗೂ ನಡುವೆ ಅಷ್ಟಿರಲಿ, ಹೆದರಬೇಡಿ,
ಎಡಗಡೆ ಜೇಬು ಮಾತ್ರ ಬೇಡ.

ಐಲಿ ತಲೆಯಾಡಿಸಿದಳು.
ಹೆಗಲ ಮೂಳೆಯ ಕೆಳಗೆ ಹೊಲಿಗೆ ಇನ್ನೂ ಚುರುಗುಡುತ್ತಿತ್ತು.
ಅದರಡಿ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಯಂತ್ರ
ಎದೆಯ ಸೋಮಾರಿತನ ಕಾಯುತ್ತ ಕೂತಿತ್ತು;
ತೂಕಡಿಸಿದರೆ ಒಂದು ತಿವಿತ.

ಹತ್ತೊಂಬತ್ತು ವರ್ಷ ಫೋನು ಮಾಡಿದವಳು ಅವಳು.
ಮಾಡಿದವಳು ಅಂದರೆ ಯಾರಿಗೋ ಕರೆ ಮಾಡಿದ್ದಲ್ಲ,
ಫೋನನ್ನೇ ಮಾಡಿದ್ದು:
ಊರಾಚೆಯ ಕಾರ್ಖಾನೆ, ಮೂರನೇ ಸಾಲು, ರಾತ್ರಿ ಪಾಳಿ.
ಬೆಲ್ಟಿನ ಮೇಲೆ ಬಂದದ್ದನ್ನು ಬಂದ ಹಾಗೆ ಎತ್ತಿ
ತಗಡಿನ ಪೆಟ್ಟಿಗೆಯೊಳಗಿಟ್ಟು, ಮುಚ್ಚಳ ಹಾಕಿ,
ಕೂಗಿದರೆ ಓಗೊಡುತ್ತದೋ ಇಲ್ಲವೋ ನೋಡುವುದು.
ಹಸಿರು ದೀಪ, ಮುಂದಕ್ಕೆ. ಕೆಂಪು ದೀಪ, ಬುಟ್ಟಿಗೆ.
ಆಗ ಯಾರೂ ಚೋಟು ಗೇಣು ಅಂದಿರಲಿಲ್ಲ.
ಅಂಗಿಯ ಜೇಬಲ್ಲಿ ಅವಳದೂ ಒಂದಿತ್ತು,
ನೌಕರರ ರಿಯಾಯಿತಿಯಲ್ಲಿ ಕೊಂಡದ್ದು.

ಆಮೇಲೆ ಕಾರ್ಖಾನೆ ಮುಚ್ಚಿತು. ಅದು ಬೇರೆ ಕತೆ.

ಗಂಡ ಓಯ್ವಾ ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ.
ಅವನ ಫೋನು ಯಾವಾಗಲೂ ಎಡಗಡೆ ಜೇಬಲ್ಲೇ,
ಗುಂಡಿ ಹಾಕಿದ ಜೇಬು.
ಫೆಬ್ರವರಿಯ ಒಂದು ಬೆಳಿಗ್ಗೆ ಹೆದ್ದಾರಿಯ ಪಕ್ಕ
ಲಾರಿ ನೀಟಾಗಿ ನಿಂತಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು,
ಹೀಟರು ಓಡುತ್ತಲೇ ಇತ್ತು.
ಅವನದು ನಿಂತಿತ್ತು.

ಮಣ್ಣು ಮಾಡಿ ಬಂದು ಕಾಫಿ ಕುಡಿಯುವಾಗ
ನಾದಿನಿ ಹಿಲ್ಕಾ ಕಪ್ಪು ಕೆಳಗಿಟ್ಟು ಅಂದಳು:
ಆ ಜೇಬೇ ಅವನನ್ನು ತಿಂದದ್ದು.
ಅವಳ ಗಂಡ ಅಂದ: ದಿನಕ್ಕೆ ಎರಡು ಪ್ಯಾಕು ಸಿಗರೇಟು,
ಹುರಿದ ಸಾಸೇಜು, ಐವತ್ತೆಂಟಕ್ಕೇ ಹೋದ ಅಪ್ಪ,
ಅವೆಲ್ಲ ಎಲ್ಲಿದ್ದವು, ಬಲಗಡೆ ಜೇಬಲ್ಲೋ?
ಯಾರೋ ನಕ್ಕರು. ಐಲಿ ಇನ್ನಷ್ಟು ಕಾಫಿ ಬಗ್ಗಿಸಿದಳು.
ತಗಡಿನ ಪೆಟ್ಟಿಗೆ ನೆನಪಾಯಿತು.
ಓಯ್ವಾನ ಫೋನಿಗೆ ಹಸಿರು ದೀಪ ಹಾಕಿದ್ದು ತಾನೇ ಇರಬಹುದು.

ಅದಕ್ಕೇ ಈವತ್ತು ಕೇಳಿದಳು.
ಡಾಕ್ಟರು ಕನ್ನಡಕ ತೆಗೆದು ಒರೆಸಿದರು:
ಹುಡುಕಿದ್ದಾರೆ. ಹುಡುಕುತ್ತಲೂ ಇದ್ದಾರೆ.
ಆ ಅಲೆ ಗುಂಡಿಗೆ ಕೆಡಿಸಿತು ಅನ್ನಲು ಗಟ್ಟಿ ಸಾಕ್ಷಿ ಇಲ್ಲ.
ನಿಮ್ಮ ಯಂತ್ರದ ವಿಷಯ ಬೇರೆ,
ಫೋನಿನೊಳಗಿನ ಅಯಸ್ಕಾಂತ ಅದರ ದಾರಿ ತಪ್ಪಿಸೀತು.

ಸಾಕ್ಷಿ ಇಲ್ಲ ಅಂದರೆ ಇಲ್ಲವೇ ಇಲ್ಲ ಅಂತಲೋ,
ಇನ್ನೂ ಸಿಕ್ಕಿಲ್ಲ ಅಂತಲೋ?

ಆತ ಕನ್ನಡಕ ಹಾಕಿಕೊಂಡರು.
ದಿನಾ ನಡೆಯಿರಿ, ಅಂದರು. ಉಪ್ಪು ಕಮ್ಮಿ ಮಾಡಿ.

ಕೇಳದೆ ಉಳಿದದ್ದೊಂದಿತ್ತು.
ಅವಳ ಫೋನಿನಲ್ಲಿ ಓಯ್ವಾ ಹನ್ನೊಂದು ಸೆಕೆಂಡು ಇದ್ದಾನೆ:
ಹಿಮ ಬೀಳ್ತಿದೆ ಐಲಿ, ತಡ ಆಗುತ್ತೆ, ಬೆಕ್ಕಿಗೆ ಮೀನು ಹಾಕು.
ಹಿಂದೆ ಇಂಜಿನ್ನಿನ ಗುರುಗುರು, ಒಂದು ಕೆಮ್ಮು.
ನಾಲ್ಕು ವರ್ಷದಿಂದ ಅದನ್ನು ಎದೆಯ ಮೇಲಿಟ್ಟುಕೊಂಡು
ದೀಪ ಆರಿಸುವ ರೂಢಿ.

ಈ ರಾತ್ರಿ ಹೊಲಿಗೆ ಪೆಟ್ಟಿಗೆಯ ಟೇಪು ತಂದಳು,
ಬೇಡ ಅನ್ನಿಸಿ ಬಿಟ್ಟಳು.
ಹೆಬ್ಬೆರಳನ್ನು ಗಾಯದ ಅಂಚಿಗಿಟ್ಟು
ತೋರುಬೆರಳನ್ನು ಹಾಸಿಗೆಯ ಬಲಕ್ಕೆ ಚಾಚಿದಳು.
ಅದರ ತುದಿಗೆ ಫೋನು.
ಒತ್ತಿದಳು.

ಹಿಮ ಬೀಳ್ತಿದೆ ಐಲಿ.

ಬಿಟ್ಟ ಜಾಗಕ್ಕೆ ಬೆಕ್ಕು ಬಂದು ಸುರುಳಿ ಸುತ್ತಿತು.
ಆ ಬೆಕ್ಕಲ್ಲ, ಅದರ ಮರಿ.
ಈ ದನಿ ಯಾರದೆಂದು ಇದಕ್ಕೆ ಗೊತ್ತಿಲ್ಲ.
ಮೀನು ಅಂದದ್ದಕ್ಕೆ ಮಾತ್ರ
ಒಂದು ಕಿವಿ ಆ ಕಡೆ ತಿರುಗಿತು.